ಚೀಲದೊಳಗಿನ ಕೈ

ದಿನಕರನ ಆ ದಿನದ ಫಜೀತಿಗೆಲ್ಲ ಕಾರಣ ಅವನ ಹೆಂಡತಿ ಅಮಿತಾ ಹೊಲಿದುಕೊಟ್ಟ ಕೇಸರಿ ಬಟ್ಟೆಯ ಚೀಲ. ಅವಳದ್ದೂ ತಪ್ಪಲ್ಲ. ಚೂಡಿದಾರ ಹೊಲಿದು ಉಳಿದ ತುಂಡು ಕೇಸರಿ ಬಣ್ಣದ್ದಾಗಿತ್ತು, ಅಷ್ಟೆ.

ಚೀಲದೊಳಗೆ ಇದ್ದದ್ದು ಒಂದು ಕೀಬೋರ್ಡು. ದುಬೈಯಲ್ಲಿರುವ ಭಟ್ಕಳದ ಗೆಳೆಯನೊಬ್ಬ ರಜೆಗೆ ಬಂದಾಗ ಕೊಟ್ಟದ್ದು. ಮೇಜಿನ ಮೇಲಿಡುವ ಜಾತಿಯದಲ್ಲ, ಅಂಗೈಯೊಳಗೆ ಹಿಡಿಯುವಂಥದ್ದು. ಬೆರಳಿಗೊಂದು ಗುಂಡಿ. ಹಾರ್ಮೋನಿಯಂ ಮೇಲೆ ಬೆರಳು ಊರಿದಂತೆ ಎರಡು ಮೂರು ಗುಂಡಿ ಒಟ್ಟಿಗೇ ಒತ್ತಿದರೆ ಒಂದು ಅಕ್ಷರ. ತೋರುಬೆರಳೂ ನಡುಬೆರಳೂ ಸೇರಿದರೆ ಕ. ಹೆಬ್ಬೆರಳನ್ನೂ ಸೇರಿಸಿದರೆ ಖ. ಕಿರುಬೆರಳಿನ ಗುಂಡಿ ಒಮ್ಮೆ ಒತ್ತಿಬಿಟ್ಟರೆ ಅದೇ ಕ ಹಿಂದಿಯದಾಗುತ್ತಿತ್ತು, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷಿನದು. ಮೊಬೈಲಿಗಾಗಲಿ ಕಂಪ್ಯೂಟರಿಗಾಗಲಿ ತಂತಿಯ ಹಂಗಿರಲಿಲ್ಲ.

ದಿನಕರ ಇದನ್ನು ಶೋಕಿಗೆ ಕಲಿತದ್ದಲ್ಲ. ಕುಮಟೆಯ ಅಡಿಕೆ ಸೊಸೈಟಿಯೊಂದರಲ್ಲಿ ಅವನು ಗುಮಾಸ್ತ. ಮನೆ ಶಿರಾಲಿಯಲ್ಲಿ. ವರ್ಷಗಟ್ಟಲೆ ಬೆಳಿಗ್ಗೆ ಸಂಜೆ ಬಸ್ಸಿನಲ್ಲಿ ನೇತಾಡಿ ಅವನಿಗೆ ಜೀವ ಸಾಕಾಗಿತ್ತು. ಈಗ ಭಟ್ಕಳ ಶಾಖೆಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಸದಸ್ಯರಿಗೆ ಕನ್ನಡ, ಉತ್ತರದ ವ್ಯಾಪಾರಿಗಳಿಗೆ ಹಿಂದಿ, ಬ್ಯಾಂಕಿಗೆ ಇಂಗ್ಲಿಷು, ಈ ಮೂರರಲ್ಲೂ ಚುರುಕಾಗಿ ಟೈಪು ಮಾಡುವವರಿಗೆ ಆ ಕುರ್ಚಿ ಎಂದು ಮ್ಯಾನೇಜರ್ ಮಧುಸೂದನರು ಹೇಳಿದ್ದರು. ಪರೀಕ್ಷೆ ಇವತ್ತು ಮಧ್ಯಾಹ್ನ.

ಪೈಪೋಟಿಗಿದ್ದವನು ಪಕ್ಕದ ಮೇಜಿನ ನರೇಶ. ಅವನು ಟೈಪು ಮಾಡಲು ಕೂತರೆ ತಗಡಿನ ಮಾಡಿನ ಮೇಲೆ ಮಳೆ ಹೊಡೆದ ಸದ್ದು. ದಿನಕರ ಮಾತ್ರ ಮಾಮೂಲಿ ಕೀಬೋರ್ಡಿನಲ್ಲಿ ಕೋಳಿ ಕಾಳು ಹೆಕ್ಕಿದಂತೆ ಹೆಕ್ಕುವವನು. ಹಾಗಾಗಿಯೇ ಈ ಗುಟ್ಟಿನ ವಿದ್ಯೆ. ನರೇಶನಿಗೆ ಸುಳಿವು ಸಿಕ್ಕರೆ ಏನಾದರೂ ತಕರಾರು ತೆಗೆಯುತ್ತಾನೆಂದು ಮೂರು ತಿಂಗಳು ಚೀಲದೊಳಗೇ ಕೈಯಿಟ್ಟು ಅಭ್ಯಾಸ ಮಾಡಿದ್ದ.

ಬೆಳಿಗ್ಗೆಯ ಬಸ್ಸು ಎಂದಿನಂತೆ ತುಂಬಿತ್ತು. ದಿನಕರ ಎಡಗೈಯಲ್ಲಿ ಕಂಬಿ ಹಿಡಿದು, ಬಲಗೈಯನ್ನು ಚೀಲದೊಳಗಿಟ್ಟು, ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತ ಕಡೆಯ ತಾಲೀಮಿನಲ್ಲಿದ್ದ. ಹೊನ್ನಾವರದಲ್ಲಿ ಅದೇ ಸೊಸೈಟಿಯ ಕ್ಯಾಷಿಯರ್ ಪರಮೇಶ್ವರಕ್ಕ, ದಿನವೂ ಬೇರೆ ಬಸ್ಸಿಗೆ ಬರುವವರು, ಅವತ್ತು ಇದಕ್ಕೇ ಹತ್ತಿದರು. ಕೇಸರಿ ಚೀಲ, ಒಳಗೆ ಓಡಾಡುವ ಬೆರಳು, ಪಿಟಿಪಿಟಿ ತುಟಿ, ಥೇಟು ಚೀಲದೊಳಗೆ ಜಪಸರ ಎಣಿಸುವವರಂತೆ. ಅವರು ಅಲ್ಲೇ ಕೈಮುಗಿದುಬಿಟ್ಟರು.

"ಎಂತ ದಿನಕರಾ, ಜಪ ಹಿಡಿದ್ಯಾ? ನಂಗೆ ಗೊತ್ತೇ ಇಲ್ಲೆ."

ದಿನಕರ ಬೆಚ್ಚಿ ಕಣ್ಣು ಬಿಟ್ಟ. ನಿಜ ಹೇಳಿದರೆ ಅದು ಇವನಿಗಿಂತ ಮೊದಲು ಆಫೀಸು ಮುಟ್ಟುತ್ತದೆ. "ಹೀಂಗೇ ಅಕ್ಕಾ, ನಡೀತಾ ಇದೆ" ಎಂದ.

ಪರಮೇಶ್ವರಕ್ಕ ಎದುರಿನ ಸೀಟಿನ ಹುಡುಗನ ಹೆಗಲು ತಟ್ಟಿದರು. "ತಮ್ಮಾ, ಜಪ ಮಾಡೋರು ನಿಂತಿರೋದು, ನೀನು ಕೂತ್ಕಂಡು ಮೊಬೈಲು ನೋಡೋದು, ಚಂದವಾ?" ಹುಡುಗ ಎದ್ದ. ದಿನಕರ ಕೂತ. ಕಿಟಕಿಯ ಪಕ್ಕದ ಸೀಟು, ಹಿತವಾದ ಗಾಳಿ. ಸುಳ್ಳನ್ನೇನೂ ಹೇಳಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಫೀಸಿನಲ್ಲಿ ಸುದ್ದಿ ಹಬ್ಬಿತು. ಇವನ ಮೇಜಿನ ಹತ್ತಿರ ಎಲ್ಲರೂ ಪಿಸುಮಾತು. ಯಾರೂ ಕೆಲಸ ಹೇಳುವವರಿಲ್ಲ. ಇದೇನೋ ಒಳ್ಳೆಯದೇ ಆಯಿತೆಂದು ದಿನಕರ ಚೀಲದೊಳಗೆ ಹಿಂದಿಯ ಒತ್ತಕ್ಷರಗಳನ್ನು ತಿದ್ದುತ್ತ ಕೂತ.

ಊಟದ ಹೊತ್ತಿಗೆ ಬುತ್ತಿ ಬಿಚ್ಚಿದ. ಪರೀಕ್ಷೆಯ ದಿನ ಎಂದು ಅಮಿತಾ ಎರಡು ಬಂಗಡೆ ಹುರಿದಿಟ್ಟಿದ್ದಳು. ಮಸಾಲೆಯ ಪರಿಮಳ ಏಳುವುದಕ್ಕೂ ಪರಮೇಶ್ವರಕ್ಕ ಬರುವುದಕ್ಕೂ ಸರಿಹೋಯಿತು.

"ಜಪದಲ್ಲಿ ಇದ್ದವ ಮೀನು ತಿಂತ್ಯಾ? ಆವಾಗ ಮಾಡಿದ್ದೆಲ್ಲ ಹೊಳೆಗೆ ಹೋತು."

"ಅದು ಅಕ್ಕಾ, ಮನೇಲಿ ಗೊತ್ತಾಗ್ದೆ..."

"ಪಾಪ, ಅವಳಿಗೆ ಎಂತ ಗೊತ್ತು. ಚೆಲ್ಲೋದು ಬ್ಯಾಡ, ನರೇಶ ತಿಂತ."

ನರೇಶ ತಿಂದ. ಮುಳ್ಳು ಬಿಡಿಸಿ, ಬೆರಳು ಚೀಪಿ, "ಅತ್ತಿಗೆ ಕೈ ಅಂದ್ರೆ ಕೈ" ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಿನಕರ ಪರಮೇಶ್ವರಕ್ಕ ಕೊಟ್ಟ ಮಜ್ಜಿಗೆ ಅನ್ನ ನುಂಗಿದ. ಹೋಗಲಿ, ಭಟ್ಕಳದ ಕುರ್ಚಿ ಸಿಕ್ಕಿದರೆ ಮಧ್ಯಾಹ್ನ ಮನೆಗೇ ಹೋಗಿ ಬಂಗಡೆ ತಿನ್ನಬಹುದು ಎಂದು ಸಹಿಸಿಕೊಂಡ.

ಪರೀಕ್ಷೆ ಶುರುವಾಯಿತು. ಮಧುಸೂದನರು ಒಂದು ನೋಟೀಸು ಕನ್ನಡದಲ್ಲಿ, ಒಂದು ಪತ್ರ ಹಿಂದಿಯಲ್ಲಿ, ಒಂದು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ನರೇಶನ ಮಳೆ ಹೊಡೆಯತೊಡಗಿತು. ಆದರೆ ಭಾಷೆ ಬದಲಿಸುವಾಗೆಲ್ಲ ಅವನು ತಡವರಿಸಿ ಅಕ್ಷರ ಹುಡುಕುತ್ತಿದ್ದ. ದಿನಕರ ಎದುರಿಗಿದ್ದ ಕೀಬೋರ್ಡನ್ನು ಬದಿಗೆ ಸರಿಸಿ ಸುಮ್ಮನೆ ಕೂತಿದ್ದ, ಕೈ ಮಾತ್ರ ಚೀಲದೊಳಗೆ. ಪರದೆಯ ಮೇಲೆ ಮೂರು ಭಾಷೆಗಳೂ ಸಾಲುಗಟ್ಟಿ ಇಳಿಯತೊಡಗಿದವು.

"ಸಿದ್ಧಿ ಆಗೋತು" ಎಂದು ಪರಮೇಶ್ವರಕ್ಕ ಚಪ್ಪಲಿ ಕಳಚಿಟ್ಟರು.

ನರೇಶ ಎದ್ದು ನಿಂತ. "ಸರ್, ಇದೆಂತದೋ ಮೋಸ."

ಮಧುಸೂದನರು ಕರೆದು ಕೇಳಿದರು. ದಿನಕರ ಚೀಲ ಬಿಚ್ಚಿ ಕೀಬೋರ್ಡು ತೋರಿಸಿದ. ಬೆರಳೂರಿ ಕ, ಖ ಮೂಡಿಸಿದ. ಪರಮೇಶ್ವರಕ್ಕ ಮತ್ತೆ ಚಪ್ಪಲಿ ಮೆಟ್ಟಿಕೊಂಡು, "ಸುಮ್ಮನೆ ಮಜ್ಜಿಗೆ ದಂಡ" ಎಂದು ಒಳಗೆ ಹೋದರು. ಮ್ಯಾನೇಜರರಿಗೆ ಮಾತ್ರ ಖುಷಿಯೋ ಖುಷಿ. ಎರಡೂ ಪ್ರತಿ ತಾಳೆ ನೋಡಿದರು. ದಿನಕರನದರಲ್ಲಿ ಒಂದು ತಪ್ಪೂ ಇರಲಿಲ್ಲ.

"ಮೊದಲು ಬಂದವರು ನೀವೇ, ಅನುಮಾನ ಇಲ್ಲ. ಎಲ್ಲಿ ಕಲಿತ್ರಿ ಇದನ್ನ?"

ಇಲ್ಲಿ ದಿನಕರ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಗೆದ್ದವನ ಬಾಯಿ ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ.

"ಬಸ್ಸಲ್ಲೇ ಸರ್. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಇದು. ಇದಕ್ಕೆ ಮೇಜು ಬ್ಯಾಡ, ಕುರ್ಚಿ ಬ್ಯಾಡ. ಎಷ್ಟು ರಶ್ ಇದ್ರೂ ಆಗ್ತದೆ."

ಮಧುಸೂದನರು ಕನ್ನಡಕ ತೆಗೆದು ಒರೆಸುತ್ತ ಯೋಚಿಸಿದರು.

"ಹಾಗಾದ್ರೆ ನಿಮ್ಮನ್ನ ಭಟ್ಕಳದ ಕುರ್ಚಿಗೆ ಕಟ್ಟಿ ಹಾಕೋದು ಅನ್ಯಾಯ. ನರೇಶನಿಗೆ ಮೇಜು, ಕುರ್ಚಿ ಎಲ್ಲ ಬೇಕು, ಅವನು ಹೋಗ್ಲಿ. ನೀವು ಇಲ್ಲೇ ಇರಿ. ಹಗಲು ಕೌಂಟರ್ ನೋಡ್ಕೊಳ್ಳಿ. ಬೆಳಿಗ್ಗೆ ಸಂಜೆ ಬಸ್ಸಲ್ಲಿ ಎಲ್ಲ ಶಾಖೆಯ ಪತ್ರ ಮುಗಿಸಿಬಿಡಿ. ಆ ಹೊತ್ತೆಲ್ಲ ಸುಮ್ನೆ ಹಾಳಾಗ್ತಿತ್ತಲ್ಲ?"

ದಿನಕರನಿಗೆ ಅಳು ಬಂತು. ಆದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನರೇಶ ಎಲ್ಲರಿಗಿಂತ ಜೋರಾಗಿ.

ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳದೀಪುರ ದಾಟುವಾಗ ದಿನಕರನ ಮೊಬೈಲು ಸದ್ದು ಮಾಡಿತು. ಮ್ಯಾನೇಜರರ ಸಂದೇಶ: ನರೇಶನನ್ನು ಭಟ್ಕಳಕ್ಕೆ ವರ್ಗ ಮಾಡಿದ ಆದೇಶ ಮೂರೂ ಭಾಷೆಯಲ್ಲಿ ಬೇಕು, ಶಿರಾಲಿ ಬರುವುದರೊಳಗೆ ಕಳಿಸಿಬಿಡಿ.