ಗಡಿಯಾರದ ಹಿಂದಿನ ಹಲ್ಲಿ

"ಇವತ್ತಿನಿಂದ ನಾನು ಹಲ್ಲಿಗೆ ಹೆದರೋ ಪ್ರಶ್ನೆಯೇ ಇಲ್ಲ" ಎಂದು ಗಡಿಯಾರ ರಿಪೇರಿಯವರು ಘೋಷಿಸಿದರು. ಘೋಷಣೆಯಲ್ಲಿ ಗಾಂಭೀರ್ಯವಿತ್ತು, ಗತ್ತಿತ್ತು. ಆದರೆ ಅದನ್ನು ಅವರು ಕುರ್ಚಿಯ ಮೇಲೆ ನಿಂತು ಮಾಡಿದ್ದರು. ಕೆಳಗೆ ಅವರ ಹೆಂಡತಿ ಪೊರಕೆ ಹಿಡಿದು ಹಲ್ಲಿಯೊಂದನ್ನು ಬಾಗಿಲಾಚೆ ಬೀಳ್ಕೊಡುತ್ತಿದ್ದರು.

ಗೋಡೆ ಗಡಿಯಾರ ರಿಪೇರಿ ಮಾಡುವವರಿಗೆ ಹಲ್ಲಿ ಕಂಡರೆ ಜೀವ ಬಾಯಿಗೆ ಬರುವುದು ಸಣ್ಣ ತೊಂದರೆಯಲ್ಲ. ಗಡಿಯಾರದ ಬೆನ್ನು ಹಲ್ಲಿಗಳ ಖಾಯಂ ವಿಳಾಸ. ಹಾಗಾಗಿ ಮದುವೆಯಾದಾಗಿನಿಂದ ಒಂದು ವ್ಯವಸ್ಥೆ ನಡೆದು ಬಂದಿತ್ತು. ಎಲ್ಲೇ ಕೆಲಸವಿರಲಿ, ಹೆಂಡತಿ ಜೊತೆಗೆ ಹೋಗಿ, ಗಡಿಯಾರ ಇಳಿಸಿ, ಹಿಂಬದಿ ಕೊಡವಿ ಅವರ ಕೈಗೆ ಕೊಡುತ್ತಿದ್ದರು. ಗಿರಾಕಿಗಳು ಇದನ್ನು ದಾಂಪತ್ಯ ಪ್ರೇಮವೆಂದು ಮೆಚ್ಚಿಕೊಂಡಿದ್ದರು.

ಈಗ ಆ ವ್ಯವಸ್ಥೆಗೇ ಕುತ್ತು ಬಂದಿತ್ತು. ಸೋಮವಾರದಿಂದ ಹೆಂಡತಿಗೆ ಹೊಲಿಗೆ ಶಾಲೆಯಲ್ಲಿ ಕಲಿಸುವ ಕೆಲಸ; ಎಷ್ಟೋ ವರ್ಷದಿಂದ ಆಸೆಪಟ್ಟದ್ದು. ಅದೇ ಸೋಮವಾರ ಬೆಳಿಗ್ಗೆ ಬಂದು ಹೈಸ್ಕೂಲಿನ ಹಳೇ ಗಡಿಯಾರ ಇಳಿಸಿಕೊಡಿ ಎಂದು ಕರೆ ಬಂದಿತ್ತು. "ಹೋಗಲಿ ಬಿಡಿ, ನಾನು ಆ ಕೆಲಸ ಒಪ್ಕೊಳ್ಳಲ್ಲ" ಎಂದು ಆಕೆ ಹೇಳಿದ ದನಿ ರಿಪೇರಿಯವರಿಗೆ ಚುಚ್ಚಿತು. ಘೋಷಣೆ ಹೊರಟದ್ದು ಅದರಿಂದಲೇ.

ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವ ಮಗಳು ರೋಗದ ಬುಡ ಹಿಡಿದಳು. "ಅಪ್ಪ, ನೀವು ಕಿರುಚಿದ ತಕ್ಷಣ ಅಮ್ಮ ಹಲ್ಲಿ ಓಡಿಸ್ತಾಳೆ. ಆಮೇಲೆ ಪಾಪ ಅಂತ ಕಾಫಿ ಬೇರೆ. ಹೆದರಿದ್ದಕ್ಕೆ ಬಹುಮಾನ ಸಿಗ್ತಿದ್ರೆ ಯಾರು ತಾನೇ ಹೆದರೋದು ಬಿಡ್ತಾರೆ?"

ಮಗಳು ಹೊಸ ಕಾನೂನು ಜಾರಿಗೆ ತಂದಳು. ಹೆದರಿದರೆ ಕಾಫಿ ಇಲ್ಲ. ನಡುಮನೆಯ ಗಡಿಯಾರದ ಹಿಂದೆ ಬಿಡಾರ ಹೂಡಿರುವ ಹಲ್ಲಿಯ ಕಡೆಗೆ ನಡೆದರೆ ಉಂಟು. ದಿನ ಕಳೆದಂತೆ ಕಾಫಿ ಲೋಟ ಗೋಡೆಗೆ ಹತ್ತಿರವಾಯಿತು, ಲೋಟದ ಹಿಂದೆ ರಿಪೇರಿಯವರೂ ಹತ್ತಿರವಾದರು. ಕಾಫಿಯ ಚಟದ ಮುಂದೆ ಭಯ ಮಂಡಿಯೂರುವ ಲಕ್ಷಣ ಕಂಡಿತು.

ಭಾನುವಾರ ಲೋಟ ಗಡಿಯಾರದ ಕೆಳಗಿನ ಕಪಾಟಿನ ಮೇಲೇರಿತು. ರಿಪೇರಿಯವರು ಕೋಟೆ ಗೆಲ್ಲಲು ಹೊರಟ ಸೇನಾಪತಿಯಂತೆ ನಡೆದು ಲೋಟಕ್ಕೆ ಕೈಹಾಕಿದರು. ಹಲ್ಲಿಗೂ ಕುತೂಹಲ ಹುಟ್ಟಿರಬೇಕು. ಇಣುಕಿತು, ಜಾರಿತು, ನೇರ ಅವರ ತೋಳಿನ ಮೇಲೆ ಬಿತ್ತು.

ಲೋಟದಲ್ಲಿದ್ದ ಕಾಫಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಗಿರಾಕಿಯ ಗಡಿಯಾರದ ಹೊಟ್ಟೆ ಸೇರಿತು. ಕಿಟಕಿಯ ಪರದೆ ಸರಳಿನ ಸಮೇತ ರಿಪೇರಿಯವರ ತಲೆಗೆ ಬಂತು. ರಿಪೇರಿಯವರು ಪರದೆಯ ಸಮೇತ ಕುರ್ಚಿ ಏರಿದರು. ಅಡುಗೆಮನೆಯಿಂದ ಓಡಿ ಬಂದ ಹೆಂಡತಿ ಪೊರಕೆ ಬೀಸಿ ಹಲ್ಲಿಯನ್ನು ಸಾಗಹಾಕಿದರು. ಪರದೆಯೊಳಗಿಂದ ಎಂದಿನ ಹೊಗಳಿಕೆ ಹೊರಬಿತ್ತು. ನಿನ್ನಂಥ ಗಟ್ಟಿಗಿತ್ತಿ ಈ ಊರಲ್ಲೇ ಇಲ್ಲ ಕಣೇ, ಎಂದು.

"ಅಮ್ಮ, ನಿನ್ನ ಕೈ ಯಾಕೆ ನಡುಗ್ತಿದೆ?" ಎಂದಳು ಮಗಳು.

"ಯಾವಾಗಲೂ ನಡುಗುತ್ತೆ. ಇವರು ಕುರ್ಚಿ ಮೇಲಿರ್ತಾರೆ, ಕಾಣಲ್ಲ. ಮದುವೆಯಾದ ಹೊಸತರಲ್ಲಿ ಹಲ್ಲಿ ಬಂದಾಗ ನಾನೂ ಕಿರುಚಿಕೊಂಡು ಹತ್ತೋಣ ಅಂತಿದ್ದೆ. ಅಷ್ಟರಲ್ಲಿ ಇವರು ಹತ್ತಿಬಿಟ್ಟಿದ್ರು. ಆಗ ಮನೇಲಿ ಇದ್ದದ್ದೇ ಒಂದು ಕುರ್ಚಿ."

ಪರದೆಯೊಳಗಿಂದ ರಿಪೇರಿಯವರ ಮುಖ ಹೊರಬಂತು.

"ಕಣ್ಮುಚ್ಚಿ ಓಡಿಸಿದೆ. ಇವರು ನನ್ನ ಧೈರ್ಯನ ಬೀದಿ ತುಂಬ ಸಾರಿಕೊಂಡು ಬಂದ್ರು. ಅಷ್ಟು ಹೊಗಳಿಸಿಕೊಂಡ ಮೇಲೆ ಹೆದರೋದು ಹೇಗೆ ಹೇಳು?"

ಸೋಮವಾರ ರಿಪೇರಿಯವರು ಹೆಂಡತಿಯನ್ನು ಹೊಲಿಗೆ ಶಾಲೆಯ ಬಾಗಿಲವರೆಗೆ ಬಿಟ್ಟು, ಒಬ್ಬರೇ ಹೈಸ್ಕೂಲಿಗೆ ಹೋದರು. ಏಣಿ ಹತ್ತಿ ಗಡಿಯಾರ ಅಲುಗಿಸಿದ್ದೇ ತಡ, ಹಲ್ಲಿ ಪಟ್ಟನೆ ನೆಲಕ್ಕೆ ಬಿತ್ತು. ಸಹಾಯಕ್ಕೆಂದು ಕೆಳಗೆ ನೋಡಿದರೆ ಹೆಡ್ ಮಾಸ್ತರು ಪ್ಯಾಂಟನ್ನು ಮೊಣಕಾಲಿಗೆ ಎತ್ತಿಕೊಂಡು ತಮ್ಮ ಕುರ್ಚಿಯ ಮೇಲೆ ನಿಂತಿದ್ದರು. ಗಟ್ಟಿಗರ ಜಾಗ ಮಾತ್ರ ಖಾಲಿಯಿತ್ತು. ರಿಪೇರಿಯವರು ಹೆಂಡತಿಯನ್ನು ನೆನೆದು ಏಣಿ ಇಳಿದರು. ಅರ್ಧ ಕಣ್ಣು ಮುಚ್ಚಿ, ನಡುಗುವ ಕೈಯಲ್ಲಿ ಡಸ್ಟರ್ ಬೀಸಿ ಹಲ್ಲಿಯನ್ನು ಹೊರಗಟ್ಟಿದರು. ನಿಮ್ಮಂಥ ಧೈರ್ಯವಂತರನ್ನ ನೋಡೇ ಇಲ್ಲ ಎಂದರು ಹೆಡ್ ಮಾಸ್ತರು, ಇನ್ನೂ ಕುರ್ಚಿಯ ಮೇಲಿಂದಲೇ. ಆ ಮಾತು ಕಾಫಿಗಿಂತ ಬಿಸಿಯಾಗಿ ಒಳಗಿಳಿಯಿತು.

ಸಂಜೆ ಈ ಶೌರ್ಯವನ್ನು ಸವಿಸ್ತಾರವಾಗಿ ಬಣ್ಣಿಸಲೆಂದು ಮನೆಯ ಬಾಗಿಲು ತೆರೆದರೆ, ಭಾನುವಾರದ ಹಲ್ಲಿಯೋ ಅದರ ತಮ್ಮನೋ ಗೋಡೆಯಿಂದ ಇಳಿದು ಬರುತ್ತಿತ್ತು. ರೂಢಿಯಂತೆ ಕಾಲು ಕುರ್ಚಿಯತ್ತ ಓಡಿತು. ಅಲ್ಲಿ ಹೆಂಡತಿ ಆಗಲೇ ನಿಂತಿದ್ದರು, ಕೈಯಲ್ಲಿ ಕಾಫಿ ಲೋಟ ಹಿಡಿದು. ಈಗ ಮನೆಯಲ್ಲಿ ಬೇರೆ ಕುರ್ಚಿಗಳಿದ್ದವು. ರಿಪೇರಿಯವರಿಗೆ ಹತ್ತುವ ಮನಸ್ಸಾಗಲಿಲ್ಲ. ಪೊರಕೆ ಕೈಗೆತ್ತಿಕೊಂಡು, ಹೈಸ್ಕೂಲಿನಲ್ಲಿ ಏನಾಯಿತು ಗೊತ್ತೇ ಎಂದು ಶುರುಮಾಡಿದರು.

"ಮೊದಲು ಓಡಿಸಿ ರೀ," ಎಂದರು ಹೆಂಡತಿ ಮೇಲಿಂದ. "ಹೊಗಳೋದು ಆಮೇಲೆ."