ಎರಡು ಅಂಕದ ಇಳಿಜಾರು

ಗುಡ್ಡದ ಹೊಸ ಸೈಕಲ್ ದಾರಿಯಲ್ಲಿ ಮೊದಲ ಸವಾರಿ ನನ್ನದೇ ಎಂದು ಪಂಚಾಯಿತಿ ಕಚೇರಿಯಲ್ಲಿ ಮೂವತ್ತು ಜನರೆದುರು ಘೋಷಿಸಿದಾಗ ನನಗೆ ಎಪ್ಪತ್ತೊಂದು ವರ್ಷ, ಎರಡು ತಿಂಗಳು. ಮೊಣಕಾಲು ಎರಡೂ ಸ್ವಂತದವು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್, ಗೋಕಾಕದ ಕಾಲೇಜಿನಲ್ಲಿ ಮೂವತ್ನಾಲ್ಕು ವರ್ಷ ಪಾಠ, ಅದರಲ್ಲಿ ಇಪ್ಪತ್ತು ವರ್ಷ ಸೈಕಲ್ಲಿನ ಮೇಲೆಯೇ ಹೋಗಿ ಬಂದವಳು. ಘರ್ಷಣೆ, ಇಳಿಜಾರು, ಗುರುತ್ವಾಕರ್ಷಣೆ ಮೂರೂ ನನ್ನ ಮಾತು ಮೀರುವುದಿಲ್ಲ ಎಂದು ನಂಬಿದ್ದೆ!

ದಾರಿ ಮಾಡಿದವಳು ನನ್ನ ತಮ್ಮನ ಮೊಮ್ಮಗಳು ಮಯೂರಿ. ನಿಡಸೋಸಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಾಳೆ. ಅವಳೂ ಅವಳ ಗೆಳತಿಯರೂ ಒಂದು ವರ್ಷ ಪ್ರತಿ ರವಿವಾರ ಗುದ್ದಲಿ, ಸಲಿಕೆ ಹಿಡಿದು ಹಿಡಕಲ್ ಹಿನ್ನೀರಿನ ಪಕ್ಕದ ಗುಡ್ಡದ ನೆತ್ತಿಯಿಂದ ಬುಡದವರೆಗೆ ಎರಡು ಕಿಲೋಮೀಟರ್ ಕಡಿದಿದ್ದರು. ಜಾಗ ಪಂಚಾಯಿತಿಯದು. ಅಧ್ಯಕ್ಷ ಉದ್ದಪ್ಪ ಸಹಿ ಮಾಡಿದರೆ ದಾರಿ ಉಳಿಯುತ್ತದೆ.

"ಮೊದಲನೇ ದಿನಾನ ಯಾರರ ಬಿದ್ರ, ಮರುದಿನಾ ಜೆಸಿಬಿ ತರಸ್ತೀನಿ. ದಾರಿ ಮುಚ್ಚೂದ!" ಎಂದ ಉದ್ದಪ್ಪ.

"ಎಪ್ಪತ್ತೊಂದು ವರ್ಷದ ಮುದುಕಿ ಬೀಳದ ಇಳಿದ್ರ ಸಹಿ ಮಾಡ್ತೀಯೇನ?" ಎಂದೆ.

"ಯಾರ್ರಿ ಆ ಮುದುಕಿ?"

"ನಾನು."

"ಅಲ್ಲೇ ನಿಂತ ಮಾಡ್ತೀನ್ರಿ ಮೇಡಮ್ಮಾರ," ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಮೂವತ್ತಾರು ವರ್ಷದ ಹಿಂದೆ, ಪಿಯುಸಿ ಮೊದಲ ವರ್ಷದಲ್ಲಿ, ಮೂವತ್ಮೂರು ಅಂಕ ಕೊಟ್ಟು ನಾನು ಫೇಲು ಮಾಡಿದ ಹುಡುಗ ಇವನು. ಪಾಸಿಗೆ ಮೂವತ್ತೈದು ಬೇಕಿತ್ತು. ಇಬ್ಬರೂ ಅದನ್ನು ಮರೆತಿರಲಿಲ್ಲ.

ಮನೆಗೆ ಬಂದರೆ ನಮ್ಮವರು, ಕಾಶಿನಾಥ, ನೀರಾವರಿ ಇಲಾಖೆಯ ನಿವೃತ್ತ ಇಂಜಿನಿಯರರು, ಬಾಗಿಲಲ್ಲೇ ನಿಂತಿದ್ದರು. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು.

"ಸುಜಾತಾ, ಗುಡ್ಡಾ ಇಳಿಯೂದ ಬೇಕಾಗಿತ್ತೇನ ನಿನಗ?"

"ಇಳಿಸೂದು ಇಳಿಜಾರಿನ ಕೆಲಸಾರಿ. ನಂದು ಬರೇ ಬ್ರೇಕ್ ಹಿಡಿಯೂದು."

"ಡ್ಯಾಮಿನ ನೀರ ಬಿಡೂ ಮುಂದ ನಾವ್ ಮೂರ ಸಲ ಸೈರನ್ ಹೊಡೀತಿದ್ವಿ. ನಿನ್ನ ಬಿಡೂ ಮುಂದ ಏನ ಹೊಡೀಲಿ?"

ನಾನು ಕಾಗದ, ಪೆನ್ನು ಹಿಡಿದು ಕೂತೆ. ಖರೆ ಹೇಳಬೇಕೆಂದರೆ ಅಳುಕು ಆಗಲೇ ಶುರುವಾಗಿತ್ತು. ಎಲುಬು ಮುರಿದರೆ ನನ್ನ ಎಲುಬು, ಅದು ಬೇರೆ ವಿಷಯ. ಮುಚ್ಚುವುದು ಹುಡುಗಿಯ ದಾರಿ! ಇಳಿಜಾರಿನ ಕೋನ, ನನ್ನ ತೂಕ, ವೇಗ ಎಲ್ಲವನ್ನೂ ಕಾಗದದ ಮೇಲೆ ಮೂರು ಸಲ ಲೆಕ್ಕ ಹಾಕಿದೆ. ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ಮೂರರಲ್ಲೂ ನಾನು ಬೀಳುತ್ತಿದ್ದೆ.

ಸವಾರಿ ಬನ್ನಿ ಹಬ್ಬದ ದಿನ ಎಂದು ನಿಗದಿಯಾಯಿತು. ಅದರ ಹಿಂದಿನ ದಿನ ಖಂಡೇನವಮಿ. ಅಂದು ನಮ್ಮ ಕಡೆ ಕುಡುಗೋಲು, ಕೊಡಲಿ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು, ಎಣ್ಣೆ ಹಚ್ಚಿ ಪೂಜೆಗೆ ಇಡುತ್ತೇವೆ. ದೇವರ ಬಗ್ಗೆ ನನಗೆ ಹೆಚ್ಚಿನ ಅಭಿಪ್ರಾಯವಿಲ್ಲ. ತುಕ್ಕಿನ ಬಗ್ಗೆ ಇದೆ. ಮಯೂರಿ ತನ್ನ ಸೈಕಲ್ಲನ್ನೂ ಪೂಜೆಗೆಂದು ತಂದು ನಿಲ್ಲಿಸಿ ಹೋಗಿದ್ದಳು. ಕಳವಳವಾದಾಗ ಕೆಲವರು ಜಪ ಮಾಡುತ್ತಾರೆ. ನಾನು ಎಣ್ಣೆ ಹಚ್ಚುತ್ತೇನೆ. ಸರಪಳಿಗೆ ಹಚ್ಚಿದೆ, ಪೆಡಲಿಗೆ ಹಚ್ಚಿದೆ. ಪ್ರತಿ ಗಾಲಿಯ ನಟ್ಟನಡುವೆ ತೂತು ತೂತಿನ ಒಂದೊಂದು ಉಕ್ಕಿನ ತಟ್ಟೆ ಇತ್ತು. ನನ್ನ ಹಳೆಯ ಸೈಕಲ್ಲಿಗೆ ಇಂಥದ್ದು ಇರಲಿಲ್ಲ; ಈಗಿನವರ ಅಲಂಕಾರವಿರಬೇಕು ಎಂದುಕೊಂಡು ಎರಡಕ್ಕೂ ಕುಸುಬಿ ಎಣ್ಣೆ ಸುರಿದು ತಿಕ್ಕಿದೆ. ಕನ್ನಡಿಯ ಹಾಗೆ ಹೊಳೆದವು!

ನಮ್ಮವರು ಪತ್ರಿಕೆಯಿಂದ ತಲೆ ಎತ್ತಿದರು. "ಅದಕ್ಕೂ ಹಚ್ಚತಿಯೇನ?"

"ಉಕ್ಕ ಅಂದ ಮ್ಯಾಲೆ ಎಣ್ಣಿ ಬೇಕ್ರಿ. ಡ್ಯಾಮ್ ಕಾದವರಿಗೆ ಸೈಕಲ್ಲಿನ ಉಸಾಬರಿ ಬ್ಯಾಡ."

ಮರುದಿನ ಸೈಕಲ್ಲನ್ನೂ ನನ್ನನ್ನೂ ಟಂಟಂ ರಿಕ್ಷಾದಲ್ಲಿ ಗುಡ್ಡದ ನೆತ್ತಿಗೆ ಸಾಗಿಸಿದರು. ಜೀವನದಲ್ಲಿ ಮೊದಲ ಸಲ ಚೂಡಿದಾರ ಹಾಕಿದ್ದೆ. ಕೆಳಗೆ ಹಿನ್ನೀರು ಮಿನುಗುತ್ತಿತ್ತು. ದಾರಿಯ ಕೊನೆಗೆ ಹಾಕಿದ ಶಾಮಿಯಾನ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಮಯೂರಿ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. ಅವಳ ಅಂಗೈ ತುಂಬ ಗುದ್ದಲಿಯ ಬೊಬ್ಬೆ.

"ಆಯಿ, ತಿರುವು ಬರೂ ಮುಂಚೆ ಮೆಲ್ಲಕ ಬ್ರೇಕ್ ಹಿಡಿ. ಒಮ್ಮಿಗೇ ಜಗ್ಗಬ್ಯಾಡ."

"ನನಗ ಬ್ರೇಕಿನ ಪಾಠಾ ಹೇಳ್ತಿಯೇನ?" ಎಂದು ಹೊರಟೆ.

ಮೊದಲ ಐವತ್ತು ಮೀಟರು ಭವ್ಯವಾಗಿತ್ತು. ಗಾಳಿ, ಹಿನ್ನೀರು, ನಾನು! ಮೊದಲ ತಿರುವು ಕಂಡಿತು. ಮೆಲ್ಲನೆ ಬ್ರೇಕ್ ಹಿಡಿದೆ. ಸೈಕಲ್ಲಿಗೆ ಸುದ್ದಿ ಮುಟ್ಟಲಿಲ್ಲ. ಬಿಗಿಯಾಗಿ ಹಿಡಿದೆ. ವೇಗ ಹೆಚ್ಚಾಯಿತು. ಎರಡೂ ಕೈಯಿಂದ ಒದ್ದೆ ಸೀರೆ ಹಿಂಡಿದ ಹಾಗೆ ಹಿಂಡಿದೆ. ಆಗ ಮೂಗಿಗೆ ಕಾದ ಕುಸುಬಿ ಎಣ್ಣೆಯ ವಾಸನೆ ಬಡಿಯಿತು.

ಆ ತಟ್ಟೆ ಅಲಂಕಾರವಲ್ಲ. ಅದೇ ಬ್ರೇಕು!

ಮೂವತ್ನಾಲ್ಕು ವರ್ಷ ಘರ್ಷಣೆಯ ಪಾಠ ಮಾಡಿದವಳು ಆ ಘರ್ಷಣೆಯನ್ನೇ ಎಣ್ಣೆ ಹಚ್ಚಿ, ಬಟ್ಟೆಯಿಂದ ತಿಕ್ಕಿ, ಅರಿಶಿನ ಕುಂಕುಮ ಏರಿಸಿ ಕೊಂದಿದ್ದೆ!

ತಿರುವು ಬಂದೇಬಿಟ್ಟಿತು. ಕಣ್ಣು ಮುಚ್ಚಿಕೊಳ್ಳಬೇಕೆನ್ನುವಷ್ಟರಲ್ಲಿ ಸೈಕಲ್ ತಾನೇ ವಾಲಿತು. ಮಯೂರಿ ತಿರುವಿನ ಹೊರ ಅಂಚನ್ನು ಬಾಣಲೆಯ ಅಂಚಿನ ಹಾಗೆ ಎತ್ತರಿಸಿದ್ದಳು. ಗಾಲಿ ಆ ಅಂಚಿಗೆ ಒರಗಿ, ಸುತ್ತಿ, ನನ್ನನ್ನು ನೆಟ್ಟಗೆ ಮುಂದಿನ ದಾರಿಗೆ ಒಪ್ಪಿಸಿತು. ಎರಡನೆಯದೂ ಹಾಗೆಯೇ. ಮೂರನೆಯದೂ. ಜೀವ ಬಾಯಿಗೆ ಬಂದಿದ್ದರೂ ಪರೀಕ್ಷಕಿಯ ಚಾಳಿ ಬಿಡಲಿಲ್ಲ: ಕೋನ ಸರಿ ಇದೆ, ಮಳೆನೀರು ಹರಿಯಲು ದಾರಿ ಬಿಟ್ಟಿದ್ದಾಳೆ, ಸಡಿಲ ಕಲ್ಲು ಒಂದೂ ಇಲ್ಲ, ಪೂರ್ಣ ಅಂಕ!

ಕುರಿ ಕಾಯುವ ಬೀರಸಿದ್ದಪ್ಪ ದಾರಿಯ ಪಕ್ಕದಲ್ಲಿ ನಿಂತಿದ್ದ. "ಯಾಕ್ರಿ ಯವ್ವಾ, ಇಷ್ಟ ಅವಸರಾ?" ಎಂದು ಕೇಳಿದ. ಉತ್ತರ ಕೊಡುವ ಹೊತ್ತಿಗೆ ಅವನು ಇನ್ನೂರು ಮೀಟರು ಹಿಂದಿದ್ದ.

ಶಾಮಿಯಾನ ಈಗ ಬೆಂಕಿಪೊಟ್ಟಣವಾಗಿರಲಿಲ್ಲ. ಅದರ ಕೆಳಗೆ ಕುರ್ಚಿ, ಕುರ್ಚಿಯಲ್ಲಿ ಉದ್ದಪ್ಪ, ಪಕ್ಕದಲ್ಲಿ ನಮ್ಮವರು. ನೇರ ಅವರ ಮೇಲೆಯೇ ಹೊರಟಿದ್ದೆ! ಆದರೆ ಕೊನೆಯ ಐವತ್ತು ಮೀಟರನ್ನು ಮಯೂರಿ ಏರುದಾರಿ ಮಾಡಿದ್ದಳು. ಸೈಕಲ್ ಏರಿತು, ಏದುಸಿರು ಬಿಟ್ಟಿತು, ನಿಧಾನಿಸಿತು. ಮುಂದಿನ ಗಾಲಿ ಉದ್ದಪ್ಪನ ಕುರ್ಚಿಯ ಕಾಲಿಗೆ ಮುಟ್ಟಿ ನಿಂತಿತು. ನಾನು ಕಾಲು ಊರಿದೆ. ಬೀಳಲಿಲ್ಲ.

ಚಪ್ಪಾಳೆಯೋ ಚಪ್ಪಾಳೆ! ಉದ್ದಪ್ಪ ಎದ್ದು ನಿಂತ. "ಒಂದ್ ಸಲನೂ ಬ್ರೇಕ್ ಹಿಡೀಲಿಲ್ಲಲ್ರಿ! ಏನ್ ಧೈರ್ಯಾರಿ ಮೇಡಮ್ಮಾರ!"

ನಾನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದೆ. ಸಹಿ ಆಗಲಿ, ಆಮೇಲೆ ನೋಡಿದರಾಯಿತು. ಅವನು ಕಾಗದ ತೆಗೆದ, ಪೆನ್ನಿನ ಟೊಪ್ಪಿಗೆ ಬಿಚ್ಚಿದ, ಮತ್ತೆ ಹಾಕಿದ.

"ನಿಲ್ರಿ. ಸಹಿ ಆಮ್ಯಾಲೆ. ಮೊದಲ ನಾನೂ ಮ್ಯಾಲ ಹೋಗಿ ಒಮ್ಮೆ ಇಳೀತೀನಿ. ಇದ ಸೈಕಲ್ ಮ್ಯಾಲೆ!"

ತೊಂಬತ್ತು ಕಿಲೋದ ಉದ್ದಪ್ಪ ಹ್ಯಾಂಡಲ್ ಹಿಡಿದೇಬಿಟ್ಟ. ಬಾಯಿ ಬಿಟ್ಟರೆ ದಾರಿ ಹೋಗುತ್ತದೆ. ಬಿಡದಿದ್ದರೆ ಉದ್ದಪ್ಪನೇ ಹೋಗುತ್ತಾನೆ. ಮಯೂರಿ ಇನ್ನೂ ಗುಡ್ಡದ ಮೇಲೆ ಕೈ ಬೀಸುತ್ತಿದ್ದಳು.

"ಹತ್ತಬ್ಯಾಡ!" ಎಂದೆ.

"ಯಾಕ್ರಿ?"

"ಬ್ರೇಕ್ ಹತ್ತೂದಿಲ್ಲ. ನಾನ ಎಣ್ಣಿ ಹಚ್ಚೇನಿ."

ಚಪ್ಪಾಳೆ ನಿಂತಿತು. ಉದ್ದಪ್ಪ ಬಗ್ಗಿ, ತಟ್ಟೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿದ. "ಕುಸುಬಿ ಎಣ್ಣಿ. ಒಗ್ಗರಣಿ ಹಾಕೂದಷ್ಟ ಬಾಕಿ ಐತಿ." ಆಮೇಲೆ ನನ್ನ ಕಡೆ ತಿರುಗಿದ. "ಮೇಡಮ್ಮಾರ, ಪಿಯುಸಿಯಾಗ ಘರ್ಷಣೆಯ ಉಪಯೋಗಕ್ಕ ಒಂದ್ ಉದಾಹರಣಿ ಕೇಳಿದ್ರಿ. ಎರಡ ಮಾರ್ಕಿಂದು. ನಾ ಏನ್ ಬರದಿದ್ದೆ, ನೆನಪೈತೇನ್ರಿ?"

"ಇಲ್ಲ."

"'ಸೈಕಲ್ ಬ್ರೇಕಿಗೆ ಎಣ್ಣೆ ಹಚ್ಚಬಾರದು' ಅಂತ ಬರದಿದ್ದೆ. ನೀವು ಕೆಂಪು ಶಾಯಿಲೆ ಗೀಟ ಹೊಡದು ಬಾಜೂಕ ಬರದಿದ್ರಿ: 'ಇಂಥ ದಡ್ಡತನ ಯಾರು ಮಾಡುತ್ತಾರೆ?'"

ಶಾಮಿಯಾನದಲ್ಲಿ ಯಾರೂ ನಗಲಿಲ್ಲ. ನಗದೆ ಇರಲು ಅವರು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು.

"ಇನ್ ದಾರಿ?" ಎಂದು ಕೇಳಿದೆ.

"ಬ್ರೇಕಿಲ್ಲದ ನಿಮ್ಮನ್ನ ಬೀಳಿಸದ ತಂದ ಮುಟ್ಟಿಸೇತಿ. ಇದಕ್ಕಿಂತ ಪರೀಕ್ಷಾ ಏನ ಬೇಕ್ರಿ?" ಎಂದವನೇ ಸಹಿ ಎಳೆದ. ಜೇಬಿನಿಂದ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟು ಕಾಲು ಮುಟ್ಟಿದ. ಹಳೆಯ ಮುನಿಸು ಬಿಡುವ ದಿನ ಅದು.

"ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದೆ.

"ಬಂಗಾರ ಇರ್ಲಿರಿ ಮೇಡಮ್ಮಾರ. ಆ ಎರಡ ಮಾರ್ಕ್ಸ್ ಕೊಡ್ರಿ."

ಅವನ ಪೆನ್ನನ್ನೇ ಇಸಿದುಕೊಂಡು ಆಹ್ವಾನ ಪತ್ರಿಕೆಯ ಹಿಂದೆ ಬರೆದೆ: 'ಉದಾಹರಣೆ ಸರಿ. ಎರಡಕ್ಕೆ ಎರಡು.' ಕೆಳಗೆ ಸಹಿ, ತಾರೀಖು.

ಅಷ್ಟರಲ್ಲಿ ನಮ್ಮವರು ಹಿಂದಿನಿಂದ ಮೆಲ್ಲಗೆ ಕೆಮ್ಮಿದರು.

"ಸುಜಾತಾ, ನಿನ್ನೆ ನಾನೂ ಒಂದ್ ಮಾತ ಕೇಳಿದ್ದೆ. 'ಅದಕ್ಕೂ ಹಚ್ಚತಿಯೇನ' ಅಂತ. ನನಗ ಎಷ್ಟ?"