ಜಪಾನಿನ ಕೊಳದಲ್ಲಿ ನಮ್ಮ ತೆಂಗಿನೆಣ್ಣೆ

ಗಲ್ಫಿನ ಸೊಹಾರಿನಲ್ಲಿರುವ ನನ್ನ ಮೈದುನನಿಗೆ ಜಪಾನು ಹಿಡಿದಿದೆ. ದೆವ್ವ ಹಿಡಿದಿದ್ದರೆ ಮಂತ್ರವಾದಿಯನ್ನಾದರೂ ಕರೆಸಬಹುದಿತ್ತು. ಜಪಾನು ಹಿಡಿದವನಿಗೆ ಯಾರನ್ನು ಕರೆಸುವುದು?

ಹಿಡಿದದ್ದು ಹೀಗೆ. ಇವನ ಕಾರ್ಖಾನೆಯವರು ಕೆಲವು ವರ್ಷಗಳ ಹಿಂದೆ ತರಬೇತಿಗೆಂದು ಅಲ್ಲಿಗೆ ಕಳಿಸಿದರು. ಅಲ್ಲಿಯ ಇಂಜಿನಿಯರೊಬ್ಬರು ಇವನನ್ನು ಬೆಟ್ಟದ ಮೇಲಿನ ಹಳೆಯ ಛತ್ರವೊಂದಕ್ಕೆ ಕರೆದುಕೊಂಡು ಹೋದರಂತೆ. ನೆಲಕ್ಕೆ ಚಾಪೆ, ಚಾಪೆಯ ಮೇಲೆ ಹಾಸಿಗೆ, ಹಿತ್ತಿಲಲ್ಲಿ ಭೂಮಿಯಿಂದಲೇ ಉಕ್ಕುವ ಬಿಸಿನೀರಿನ ಕೊಳ. ನಾನು ಹುಟ್ಟಿದಂದಿನಿಂದ ಚಾಪೆಯಲ್ಲೇ ಮಲಗಿದವಳು. ಅದಕ್ಕಾಗಿ ವಿಮಾನ ಹತ್ತಬೇಕೇ?

ತಿರುಗಿ ಬಂದ ಮೇಲೆ ನಾವೆಲ್ಲ ಒಟ್ಟಿಗಿರುವ ಮನೆಯಲ್ಲಿ ಹೊಸ ಕಾನೂನು. ಕಕ್ಕಸಿಗೆ ಒಂದು ಚಪ್ಪಲಿ, ಕೋಣೆಗೆ ಇನ್ನೊಂದು, ಚಾಪೆಯ ಮೇಲೆ ಬರಿಗಾಲು. ಸಂಜೆಯಾದರೆ ನೀಲಿ ನಿಲುವಂಗಿ. ಒಮ್ಮೆ ಅವನು ಅವಸರದಲ್ಲಿದ್ದಾಗ ನಾನೇ ಅದರ ಬಲ ಅಂಚನ್ನು ಎಡದ ಮೇಲೆ ತಂದು ಕಟ್ಟಿದೆ. ಕಿರುಚಿಕೊಂಡ.

"ಅತ್ತಿಗೇ! ಹಾಗೆ ಕಟ್ಟುದು ಹೆಣಕ್ಕೆ!"

"ಹಾಗಾದ್ರೆ ಸರಿಯೇ ಉಂಟಲ್ಲ ಮಾರಾಯ. ಡ್ಯೂಟಿ ಮುಗಿಸಿ ಬಂದ ನಿನ್ನ ಮುಖ ನೋಡಿದ್ರೆ ಬೇರೆ ಎಂತ ಹೇಳುದು?"

ಬಂದವರ ಚಪ್ಪಲಿಗಳ ಕಥೆ ಇನ್ನೂ ಚೆಂದ. ಅವರು ಒಳಗೆ ಕೂತ ಕೂಡಲೇ ಇವನು ಹೋಗಿ, ಅವುಗಳ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿ ಜೋಡಿಸಿಡುತ್ತಾನೆ. ಹೊರಡುವಾಗ ಸಲೀಸಾಗಿ ಕಾಲು ತೂರಿಸಲಿ ಎಂದು. ಮೇಲಿನ ಮಹಡಿಯ ಧಾರವಾಡದವರು ಒಂದು ದಿನ ಬಂದರು. ಕೈ ತೊಳೆಯಲು ಎದ್ದು ನೋಡಿದರೆ ಅವರ ಬೂಟುಗಳು ಹೊರಗೆ ಮುಖ ಮಾಡಿ ನಿಂತಿವೆ!

"ಏನ್ರೀ, ಚಾ ಕುಡಿಸೂದ್ರಾಗನ ಹೊರಗ ಹಾಕ್ತೀರೇನು?"

ಮೈದುನ ಗಾಬರಿಯಾಗಿ ಸೊಂಟದವರೆಗೆ ಬಗ್ಗಿ ಜಪಾನಿ ನಮಸ್ಕಾರ ಹಾಕಿದ. ಬೀಳ್ಕೊಡುಗೆ ಎಂದುಕೊಂಡು ಅವರು ಹೊರಟೇ ಹೋದರು. ಹುರಿದಿಟ್ಟ ಗೋಡಂಬಿ ನನ್ನ ಪಾಲಾಯಿತು.

ಇಷ್ಟು ಬಾಯಿ ಬಡಿಯುವವನು ಒಂದು ಹೆಸರೆತ್ತಿದರೆ ಮಾತ್ರ ಗಪ್‌ಚಿಪ್. ಎಣ್ಣೆ! ನಾನು ಮದುವೆಯಾಗಿ ಬಂದಾಗ ಇವನು ಮೂಗು ಸೋರುವ ಪೋರ. ಅತ್ತೆ ಆಗಲೇ ತೀರಿಕೊಂಡಿದ್ದರು. ದೀಪಾವಳಿಗೆ ಇವನ ತಲೆಗೆ ಎಣ್ಣೆ ತಟ್ಟುತ್ತಿದ್ದವಳು ನಾನೇ. ದೊಡ್ಡವನಾಗಿ, ಮಕ್ಕಳಾದ ಮೇಲೂ ಬಂದು ತಲೆ ಕೊಡುತ್ತಿದ್ದ. ಜಪಾನಿನಿಂದ ಬಂದವನು ತಲೆ ಮುಟ್ಟಗೊಡಲಿಲ್ಲ. "ಬೇಡ ಅತ್ತಿಗೆ. ಎಣ್ಣೆ ಎಲ್ಲ ಖಲಾಸ್."

ಕಾರಣವನ್ನು ಅವನ ಹೆಂಡತಿ ಹೇಳಿದಳು. ಇವನು ಆ ಛತ್ರದಲ್ಲಿದ್ದಾಗಲೇ ಎಣ್ಣೆ ಸ್ನಾನದ ಹಬ್ಬ ಬಂದಿತ್ತು. ಅಷ್ಟು ಬಿಸಿನೀರು ಕಂಡರೆ ನಮ್ಮವರು ಸುಮ್ಮನಿರುತ್ತಾರೆಯೇ? ನಾನು ಕಟ್ಟಿಕೊಟ್ಟಿದ್ದ ತೆಂಗಿನೆಣ್ಣೆಯನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಬಳಿದುಕೊಂಡು ಸೀದಾ ಕೊಳಕ್ಕಿಳಿದ. ಅಲ್ಲಿಯ ಪದ್ಧತಿಯೋ, ಹೊರಗೆ ಕೂತು ಮೈ ಉಜ್ಜಿ ತೊಳೆದ ಮೇಲೆಯೇ ನೀರಿಗಿಳಿಯಬೇಕು. ಕೊಳ ಬರೀ ನೆನೆಯುವುದಕ್ಕೆ. ಎಣ್ಣೆ ಬಣ್ಣಬಣ್ಣವಾಗಿ ತೇಲಿತು. ನೆನೆಯುತ್ತಿದ್ದ ಮುದುಕರೆಲ್ಲ ಎದ್ದು ನಿಂತರು, ಹುಟ್ಟಿದ ಮೈಯಲ್ಲಿ! ಕೊಳವನ್ನೇ ಬರಿದು ಮಾಡಿ ಉಜ್ಜಬೇಕಾಯಿತು. ಇವನ ಪರವಾಗಿ ಆ ಇಂಜಿನಿಯರು ಛತ್ರದ ಯಜಮಾನಿಯ ಮುಂದೆ ಹಣೆ ಚಾಪೆಗೆ ತಾಗುವಷ್ಟು ಬಗ್ಗಿದರಂತೆ. ಇವನಿಗೆ ಮಾತ್ರ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಈ ಚಳಿಗಾಲದಲ್ಲಿ ಅದೇ ಇಂಜಿನಿಯರು ಕೆಲಸದ ಮೇಲೆ ಸೊಹಾರಿಗೆ ಬಂದರು. ಇನ್ನು ನಿವೃತ್ತಿ, ಮತ್ತೆ ಬರುವವರಲ್ಲ. ಮೈದುನನಿಗೆ ಊಟ ಸೇರಲಿಲ್ಲ. "ಅತ್ತಿಗೆ, ಅವರನ್ನು ನಾನೂ ಒಮ್ಮೆ ಬಿಸಿನೀರಿಗೆ ಕರ್ಕೊಂಡು ಹೋಗ್ಬೇಕು. ಈ ಸಲ ಒಂದು ತಪ್ಪೂ ಆಗ್ಬಾರ್ದು. ನನ್ನ ಮರ್ಯಾದೆ ವಾಪಸ್ ಬರ್ಬೇಕು."

ಇಲ್ಲಿಯ ರುಸ್ತಾಖ್ ಎಂಬ ಊರಿನಲ್ಲಿ ಬೆಟ್ಟದ ಬುಡದಿಂದ ಬಿಸಿನೀರು ಉಕ್ಕಿ ಕಾಲುವೆಯಲ್ಲಿ ಹರಿಯುತ್ತದೆ. ಅದೇ ನೀರು ತುಂಬುವ ಸಿಮೆಂಟು ತೊಟ್ಟಿಯಿದ್ದ ಒಂದು ತೋಟದ ಮನೆ ಹಿಡಿದ. ಖರ್ಜೂರದ ಮರಗಳ ನಡುವೆ ಜಪಾನಿನ ಛತ್ರ! ರೂವಿ ಪೇಟೆಯ ಅಂಗಡಿಯಿಂದ ಚಾಪೆ ತರಿಸಿದ. ಅಡುಗೆ ನನ್ನದು: ಗಂಜಿ, ಸುಟ್ಟ ಬಂಗುಡೆ, ಉಪ್ಪಿನಕಾಯಿ. ಅಲ್ಲಿಯ ಛತ್ರದಲ್ಲೂ ಬೆಳಗ್ಗೆ ಅನ್ನ, ಮೀನು, ಉಪ್ಪಿನಕಾಯಿಯೇ ಅಂತೆ. ಹಾಗಾದರೆ ಇಷ್ಟು ವರ್ಷ ನಾನು ನಡೆಸಿದ್ದು ಜಪಾನಿ ಹೋಟೆಲೇ ಸೈ!

ಅತಿಥಿ ಬಂದರು. ಚಪ್ಪಲಿ ತಿರುಗಿತು, ನಿಲುವಂಗಿಯ ಅಂಚು ಸರಿಯಾಗಿ ಕೂತಿತು, ಎಲ್ಲ ಸಾಂಗ. ಆದರೆ ಚಾಪೆಯಲ್ಲಿ ಕೂರುವಾಗ ಅವರು ಮೊಣಕಾಲು ಹಿಡಿದುಕೊಂಡು ಹಲ್ಲು ಕಚ್ಚಿದ್ದು ನನಗೆ ಕಂಡಿತು. ನನ್ನ ಚೀಲದಿಂದ ಬಾಟಲಿ ತೆಗೆದೆ. ಮೈದುನನ ಮುಖ ಸುಣ್ಣವಾಯಿತು.

"ಅತ್ತಿಗೆ, ದಮ್ಮಯ್ಯ! ಅದು ಬೇಡ! ಮರ್ಯಾದೆ ಹೋಗ್ತದೆ!"

"ನಿನ್ನ ಮರ್ಯಾದೆ ಆಮೇಲೆ ನೋಡುವ. ಮೊದಲು ಅವರ ಕಾಲು."

ಪರಗಂಡಸಿನ ಕಾಲೆಂದು ನಾಚಲು ನನಗೇನು ಪ್ರಾಯವೇ? ನನ್ನ ವಯಸ್ಸಿಗೆ ಎಲ್ಲ ಮೊಣಕಾಲೂ ಒಂದೇ. ಮುಚ್ಚಳ ತೆಗೆದೆ. ವಾಸನೆ ಬಂತು. ಇಂಜಿನಿಯರು ಕಣ್ಣರಳಿಸಿ, ಚಾಪೆ ಬಡಿದು ನಗತೊಡಗಿದರು. ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನಾನು ಮೈದುನನ ಕಡೆ ತಿರುಗಿದೆ.

"ಎಂತದಂತೆ?"

"ಅವತ್ತು ಕೊಳ ಉಜ್ಜಲಿಕ್ಕೆ ಇವರೂ ಇಳಿದಿದ್ರಂತೆ ಅತ್ತಿಗೆ. ಒಡೆದ ಕೈಯೆಲ್ಲ ಮೆತ್ತಗಾಯ್ತಂತೆ. ಎಂತ ಎಣ್ಣೆ ಅಂತ ಕೇಳ್ಬೇಕು ಅಂತಿದ್ರಂತೆ. ಕೇಳಿದ್ರೆ ನನಗೆ ಬೇಜಾರಾದೀತು ಅಂತ ಇಷ್ಟು ವರ್ಷ ಸುಮ್ಮನಿದ್ರಂತೆ!"

ಇಬ್ಬರು ಮರ್ಯಾದಸ್ಥರು ಸೇರಿದರೆ ಹೀಗೇ ಆಗುವುದು!

ಆಮೇಲೆ ಕಾನೂನು ನನ್ನದು. ಎಣ್ಣೆ ಮೊದಲು, ತೊಟ್ಟಿಯ ಹೊರಗೆ ಕೂತು ಕಡಲೆಹಿಟ್ಟಿನಲ್ಲಿ ಉಜ್ಜುವುದು ಎರಡನೆಯದು, ನೆನೆಯುವುದು ಕೊನೆಗೆ. ಜಪಾನಿನ ಪದ್ಧತಿಯೂ ಉಳಿಯಿತು, ನಮ್ಮದೂ ಉಳಿಯಿತು. ಇಂಜಿನಿಯರು ನೀರಿಗಿಳಿದು ಹಾಕಿದ "ಹಾ…" ಎಂಬ ಉಸಿರಿಗೆ ಬೇಲಿಯಾಚೆಯ ಮೇಕೆಗಳು ತಿರುಗಿ ನೋಡಿದವು. ತೊಟ್ಟಿಯ ನೀರು ಕನ್ನಡಿಯ ಹಾಗಿತ್ತು. ಒಂದು ಹನಿ ಎಣ್ಣೆ ತೇಲಲಿಲ್ಲ. ಮೈದುನ ನಾಲ್ಕೂ ಕಡೆಯಿಂದ ಬಗ್ಗಿ ಬಗ್ಗಿ ನೋಡಿ, ಯುದ್ಧ ಗೆದ್ದವನಂತೆ ಎದೆಯುಬ್ಬಿಸಿದ.

ಮತ್ತೆ ನನ್ನ ಕಡೆ ಬಂದ. ಮಣೆ ಎಳೆದು, ನನಗೆ ಬೆನ್ನು ಹಾಕಿ, ತಲೆ ತಗ್ಗಿಸಿ ಕೂತ.

ಆ ತಲೆಯಲ್ಲಿ ಈಗ ಕೂದಲೇ ಇಲ್ಲ. ಲೆಕ್ಕಕ್ಕೆ ಎಣ್ಣೆ ಉಳಿಯಬೇಕಿತ್ತು. ತಟ್ಟುತ್ತ ತಟ್ಟುತ್ತ ಬಾಟಲಿ ಖಾಲಿಯಾಯಿತು.